ಹದಿನೇಳೆಂಟ್ಲೆ

ಕಂಪ್ಯೂಟರ್ ಪದವಿಗೆ ಸೇರುವವರು ತಲೆಯೊಳಗೆ ಒಂದಿಷ್ಟು ಜಾಗ ಖಾಲಿ ಮಾಡಿಸಿಕೊಂಡೇ ತರಗತಿಗೆ ಹೋಗಬೇಕು. ಆರನೇ ಕೌಂಟರಿನ ಗುಮಾಸ್ತ ಬಸಣ್ಣೆಪ್ಪ ನೀಲಗಂಗಾಳ ತಲೆಗೆ ತಂತಿ ಹಚ್ಚಿದ ಟೊಪ್ಪಿಗೆ ತೊಡಿಸುತ್ತ ಕೇಳಿದ: “ಏನ್ ತಗೀಲಿ ತಂಗಿ? ಕೆಲವ್ರು ಈಜು ಕೊಡ್ತಾರ, ಕೆಲವ್ರು ಹಾಡು. ನಿನ್ನೆ ಒಬ್ಬಾಂವ ಸೈಕಲ್ ಹೊಡಿಯೂದು ಕೊಟ್ಟ. ಹೊಡ್ಕೊಂಡು ಬಂದ ಸೈಕಲ್ ನೂಕ್ಕೊಂಡು ಹ್ವಾದ.”

ನೀಲಗಂಗಾ ನಕ್ಕಳು. “ಮಗ್ಗಿ ತಗೀರಿ ಅಣ್ಣಾರ. ಇನ್ನ ಲೆಕ್ಕ ಎಲ್ಲಾ ಯಂತ್ರನ ಮಾಡ್ತೈತಲ್ಲ.”

“ಶಾಣ್ಯಾಕಿ! ಎಲ್ಲಿ ಕಲ್ತಿದ್ದಿ?”

“ಒಲೀ ಮುಂದ. ನಮ್ಮವ್ವ ರೊಟ್ಟಿ ಬಡೀತಾ ಹೇಳ್ತಿದ್ಲು, ಒಂದು ಬಡಿತಕ್ಕ ಒಂದು ಸಾಲು. ಈಗೂ ಹದಿನೇಳೆಂಟ್ಲೆ ಅಂತ ಕೇಳ್ತಾಳ, ನೂರಾ ಮೂವತ್ತಾರು ಅಂದ್ರನ ಊಟ.”

ಬಸಣ್ಣೆಪ್ಪನ ಬೆರಳು ಗುಂಡಿಯ ಮೇಲೆ ಒಂದು ಕ್ಷಣ ನಿಂತಿತು. ಹೀಗೆ ಕಲಿತ ಮಗ್ಗಿಯನ್ನು ಕಿತ್ತರೆ ಕಲಿಸಿದವರೂ ಬೇರಿಗೆ ಅಂಟಿಕೊಂಡು ಬರುತ್ತಾರೆಂದು ಅವನಿಗೆ ಗೊತ್ತಿತ್ತು. ಸಾಲಿನಲ್ಲಿ ಇನ್ನೂ ನಲವತ್ತು ಜನ ಇದ್ದರು, ಅವನಿಗೂ ಹಸಿವಾಗಿತ್ತು. ಒತ್ತಿದ.

ಹೊರಗೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕಾದಿದ್ದ ಶಿವಲೀಲವ್ವ ಮಗಳನ್ನು ಕಂಡವಳೇ ಎದ್ದಳು. “ಬಂದ್ಯಾ ನನ್ನವ್ವಾ? ಹದಿನೇಳೆಂಟ್ಲೆ?”

ನೀಲಗಂಗಾ ಆಕೆಯನ್ನು ಮರ್ಯಾದೆಯಿಂದ ನೋಡಿದಳು. “ನನಗ ಗೊತ್ತಿಲ್ಲರೀ ಅಮ್ಮಾರ. ಒಳಗ ಕೇಳ್ರಿ.”

ಶಿವಲೀಲವ್ವ ಹಿಗ್ಗಿ ಹೋದಳು. “ಕೇಳಿದ್ರೇನು? ಸೇರಿ ತಾಸಾಗಿಲ್ಲ, ಅವ್ವಗ ರೀ ಹಚ್ಚಿ ಮಾತಾಡ್ತಾಳ!” ಎಂದು ನೆರಳಲ್ಲಿ ಕುಳಿತವರಿಗೆಲ್ಲ ಹೇಳಿ ನಕ್ಕಳು. ಆಮೇಲೆ ಒಂದು ತುತ್ತು ರೊಟ್ಟಿ ಮುರಿದು ಹಿಡಿದು, ಗೇಟಿನತ್ತ ಹೊರಟಿದ್ದ ಮಗಳ ಹಿಂದೆ ನಡೆದಳು. “ಆಟ ಸಾಕು, ಹೇಳವಾ. ಹದಿನೇಳೆಂಟ್ಲೆ?”