ಚದರಡಿಗೆ ಅರ್ಧ ಯೂನಿಟ್

ಬಸಲಿಂಗವ್ವ ವಿದ್ಯುತ್ ಕದಿಯುತ್ತಿದ್ದಾಳೆ ಎಂಬುದರಲ್ಲಿ ವಿದ್ಯುತ್ ಮಂಡಳಿಯ ಸಾಹೇಬರಿಗೆ ಅನುಮಾನವೇ ಇರಲಿಲ್ಲ.

ಅದು ೧೯೮೩. ರಾಜ್ಯದಲ್ಲಿ ಕರೆಂಟಿನ ಬರ. ಪ್ರತಿ ಅಂಗಡಿ, ಹೋಟೆಲಿನ ನೆಲ ಅಳೆದು, ಚದರಡಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಲೆಕ್ಕ ಹಾಕಿ ಹೋಲಿಸಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಕೆರೂರ ಬಸ್‌ಸ್ಟ್ಯಾಂಡಿನ ಸುತ್ತ ಐದು ಖಾನಾವಳಿಗಳು. ನಾಲ್ಕರಲ್ಲಿ ಚದರಡಿಗೆ ನಾಲ್ಕು ಯೂನಿಟ್. ಐದನೆಯದು ಬಸಲಿಂಗವ್ವನದು; ಅದರಲ್ಲಿ ಅರ್ಧ.

ರಾಯಚೂರಿನಿಂದ ಬಾಗಲಕೋಟೆಗೆ ಆಗಷ್ಟೇ ವರ್ಗವಾಗಿ ಬಂದಿದ್ದ ಮೀಟರ್ ಇನ್‌ಸ್ಪೆಕ್ಟರ್ ಅಂದಾನಪ್ಪ, ಕೆರೂರಿಗೆ ಬೇರೆಯವರನ್ನು ಕಳಿಸಿರೆಂದು ಎರಡು ಸಲ ಕೇಳಿದ. ಸಾಹೇಬರು ಒಪ್ಪಲಿಲ್ಲ.

ಮಧ್ಯಾಹ್ನದ ಊಟದವರು ಎದ್ದುಹೋದ ಮೇಲೆ ಅವನು ಒಳಗೆ ಕಾಲಿಟ್ಟ. ಬಸಲಿಂಗವ್ವ ಒಲೆಯ ಮುಂದಿನಿಂದ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ರೊಟ್ಟಿ ಬಡಿಯತೊಡಗಿದಳು.

"ತಪಾಸಣಿ ಐತಿ," ಅಂದ.

"ಮಾಡ್ರಿ."

ಯಾರನ್ನೂ ಕೇಳದೆ ಬಾಗಿಲ ಹಿಂದಿನ ಮೀಟರಿನತ್ತ ನಡೆದ. ಇದ್ದ ಎರಡೂ ಬಲ್ಬು ಹೊತ್ತಿಸಿ, ಗಡಿಯಾರ ಹಿಡಿದು ಮೀಟರಿನೊಳಗೆ ತಿರುಗುವ ತಟ್ಟೆಯ ಸುತ್ತು ಎಣಿಸಿದ. ಮೀಟರು ಸರಿಯಿತ್ತು. ಕಳ್ಳತಂತಿ ಇರಲಿಲ್ಲ. ಟೇಪು ಹಿಡಿದು ನೆಲ ಅಳೆದ. ಹದಿನೆಂಟು ಅಡಿ, ಹತ್ತು ಅಡಿ.

"ಇಷ್ಟು ಕಮ್ಮಿ ಹೆಂಗ?"

"ಖಾರ ಒಳ್ಳಾಗ ಕುಟ್ತೇನಿ, ಮಿಕ್ಸರ್ ಇಲ್ಲ. ಹೊತ್ತು ಮುಳುಗಿದ್ರ ಬಾಗಲಾ ಹಾಕ್ತೇನಿ."

"ರಾತ್ರಿ ಊಟಕ್ಕ ಮಂದಿ ಬರೂದಿಲ್ಲೇನು?"

"ಮೊದಲು ಬರ್ತಿದ್ರು. ಹೆಣ್ಮಗಳು ಒಬ್ಬಾಕೀನ ಇರೂ ಮನಿ. ರಾತ್ರಿ ದೀಪಾ ಹಚ್ಚಿ ಬಾಗಲಾ ತೆರದ್ರ ಊರು ಸುಮ್ಮನಿರ್ತೈತೇನು?"

ಅಂದಾನಪ್ಪ ಕಾರಣದ ಅಂಕಣದಲ್ಲಿ 'ರಾತ್ರಿ ವ್ಯಾಪಾರವಿಲ್ಲ' ಎಂದು ಬರೆದ. ಎದೆಯಲ್ಲಿ ಏನಾದರೂ ಆಗಬಹುದೆಂದು ಕಾದ. ಏನೂ ಆಗಲಿಲ್ಲ.

"ಕಳವಿಲ್ಲ. ಆದ್ರ ಮೀಟರ ನಿಮ್ಮ ಹೆಸರಿಲೆ ಇಲ್ಲ, ನಿಮ್ಮ ಯಜಮಾನ್ರ ಹೆಸರಿಲೆ ಐತಿ. ಅವರ ಸಹಿ ಬೇಕು. ಇಲ್ಲಾಂದ್ರ ಲೈನ್ ಕಡೀಬೇಕು."

ರೊಟ್ಟಿ ಬಡಿಯುವ ಕೈ ನಿಂತಿತು.

"ಸತ್ತವರ ಸಹಿ ಎಲ್ಲಿಂದ ತರೂದ್ರಿ?"

"ಯಾವಾಗ... ತೀರಿಕೊಂಡ್ರು?"

"ಎಪ್ಪತ್ತೆರಡ್ರಾಗ. ನೌಕರಿ ಹುಡುಕ್ಕೊಂಡು ಬರ್ತೇನಿ ಅಂತ ರಾಯಚೂರ ಕಡೆ ಹೋದ್ರು. ಅಲ್ಲೇ ಸತ್ರು."

ಅವಳ ಕೈತುಂಬ ಹಸಿರು ಬಳೆಗಳಿದ್ದವು. ಅಂದಾನಪ್ಪ ನೋಡಿದ. ಕೇಳಲಿಲ್ಲ.

"ಹಂಗಾದ್ರ ಮೀಟರ ನಿಮ್ಮ ಹೆಸರಿಗೆ ಆಗ್ತೈತಿ," ಅಂದ.

"ಆಗ್ಲಿ. ಯಾರ ಹಂಗೂ ಬ್ಯಾಡ ನನಗ."

ಖಾನಾವಳಿಯ ಕಟ್ಟೆಯ ಮೇಲೆ ಕೂತು ಫಾರಂ ತೆಗೆದ. ಹೊಸ ಖಾತೆದಾರಳ ಜಾಗದಲ್ಲಿ ಬಸಲಿಂಗವ್ವನ ಹೆಸರು ತುಂಬಿದ. ಬಾಗಲಕೋಟೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅಕ್ಷರಗಳು ದುಂಡಗೇ ಬಂದವು.

ಮೃತ ಖಾತೆದಾರನ ಹೆಸರಿನ ಮುಂದೆ 'ಅಂದಾನಪ್ಪ ರಾಚಪ್ಪ ಹೊಸಮನಿ' ಎಂದು ಬರೆದ. ಕೆಳಗೆ, ಸಾವನ್ನು ದೃಢೀಕರಿಸುವ ಅಧಿಕಾರಿಯ ಜಾಗದಲ್ಲಿ, ಅದೇ ತನ್ನ ಹೆಸರಿನ ಸಹಿ ಹಾಕಿದ.