ಹತ್ತಿರದ ಪೀಪಾಯಿ

ಮೊದಲು ಬೆರಳಿಗೆ ಶಾಯಿ, ಬಳಿಕ ಅಂಗೈಗೆ ಒಂದು ಗಾಜಿನ ಗೋಲಿ, ಆಮೇಲೆ ಪರದೆಯ ಹಿಂದೆ ಒಬ್ಬರೇ. ಅಲ್ಲಿ ಅಭ್ಯರ್ಥಿಗೊಂದು ಪೀಪಾಯಿ; ಗೋಲಿ ಬಿದ್ದೊಡನೆ ಅದರೊಳಗಿನ ಗಂಟೆ ಠಣ್ಣೆನ್ನಬೇಕು. ಗ್ಯಾಂಬಿಯಾದಲ್ಲಿ ಅಧ್ಯಕ್ಷರನ್ನು ಆರಿಸುವ ಕ್ರಮ ಇದು. ಸೋನಾ ಪರದೆಗೆ ಕೈಯಿಟ್ಟಾಗ ಆಳುವ ಪಕ್ಷದ ಕೆಲಸ ಮಾಡುವ ಮೈದುನ ಸೈಹೌ ಹಿಂದಿನಿಂದ ಪಿಸುಗುಟ್ಟಿದ.

“ಅತ್ತಿಗೆ, ಈಗಿನ ಅಧ್ಯಕ್ಷರ ಪೀಪಾಯಿ ಈ ಕಡೆ, ಹತ್ರಾನೇ ಇದೆ. ಗಂಟೆ ಎಲ್ಲಿಂದ ಬಂತು ಅಂತ ಕೇಳಿಸ್ಕೊಳ್ತೀನಿ. ಎಷ್ಟು ಚುನಾವಣೆ ಮಾಡಿಸಿದ ಕಿವಿ ಇದು. ಒಂದು ವಾರ್ಡೂ ಗೆಲ್ಲದ ಶೇಂಗಾ ವ್ಯಾಪಾರಿಗೆ ದೇಶ ಆಳೋಕೆ ಬರುತ್ತಾ?”

“ಆಳೋಕೆ ಬರೋರೇ ಅಲ್ವಾ ನನ್ನ ಮಗನ್ನ ಜೈಲಿಗೆ ಹಾಕಿದ್ದು?”

“ಅವನ್ನ ನೋಡೋಕೆ ಪರವಾನಗಿ ಕೊಡಿಸ್ತಿರೋನು ನಾನು. ಮರೀಬೇಡಿ.”

ಒಳಗೆ ಎರಡು ಪೀಪಾಯಿಗಳಿದ್ದವು: ಹತ್ತಿರದ್ದು ಅಧ್ಯಕ್ಷರದು, ದೂರದ್ದು ಎದುರು ನಿಂತ ಶೇಂಗಾ ವ್ಯಾಪಾರಿಯದು. ಹತ್ತಿರದ್ದಕ್ಕೆ ಹಾಕಿದರೆ ಮಗನ ಮುಖ ಆಗಾಗ ಕಂಡೀತು, ಬಿಡುಗಡೆಯಂತೂ ಇಲ್ಲ. ವ್ಯಾಪಾರಿ ಬಿಡಿಸಿಯೇ ಬಿಡುತ್ತಾನೆಂಬ ಖಾತರಿಯೂ ಇರಲಿಲ್ಲ. ಆದರೆ ಜನರನ್ನು ಬಂಧಿಸಿಡುವುದನ್ನು ಅವನಿನ್ನೂ ಕಲಿತಿರಲಿಲ್ಲ. ಸೋನಾ ದೂರದ ಪೀಪಾಯಿಯ ಕೊಳವೆಗೆ ಗೋಲಿಯನ್ನು ಬಿಟ್ಟಳು. ಗಂಟೆ ಒಮ್ಮೆ ಠಣ್ಣೆಂದಿತು.

ಹೊರಬಂದಾಗ ಸೈಹೌ ತಲೆಯಾಡಿಸಿದ. “ಹತ್ರದ್ದೇ. ಚೆನ್ನಾಗಿ ಕೇಳಿಸ್ತು ಅತ್ತಿಗೆ. ಮುಂದಿನ ವಾರ ಹೋಗಿ ಮಗನ್ನ ನೋಡ್ಕೊಂಡು ಬನ್ನಿ.”

ಅಷ್ಟೆಲ್ಲ ಅನುಭವವಿದ್ದರೂ ಆ ಕಿವಿಗೆ ಹತ್ತಿರದ ಗಂಟೆ ಯಾವುದು, ದೂರದ್ದು ಯಾವುದು ಎಂಬುದು ತಿಳಿಯುತ್ತಿರಲಿಲ್ಲ.