ಆಕ್ಷೇಪಾರ್ಹ ಚಲನೆಗಳು

ನೇರವಾಗಿ ಕೇಳಿಬಿಡಲೇ, ಇಲ್ಲ ಅವಳೇ ಬಾಯಿಬಿಡಲಿ ಎಂದು ಕಾಯಲೇ? ಮೂರನೆಯ ಮಹಡಿಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತ ನಿವಾಸಿಗಳ ಸಂಘದ ಕಾರ್ಯದರ್ಶಿ ಯೋಚಿಸಿದ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಹೆಂಡತಿ ಹೊಲಿಗೆ ತರಗತಿಗೆಂದು ಹೋಗುತ್ತಿದ್ದಳು. ವರ್ಷ ಕಳೆದರೂ ಅವನ ಅಂಗಿಯ ಗುಂಡಿ ಒಂದೇ ದಾರದಲ್ಲಿ ಜೋತಾಡುತ್ತಿತ್ತು.

ಅವೇ ಎರಡು ಸಂಜೆ ಈ ಕಟ್ಟಡದ ಸಭಾಂಗಣದಲ್ಲಿ ಹೆಂಗಸರಿಗೆ ಬೆಲ್ಲಿ ಡ್ಯಾನ್ಸ್ ಕಲಿಸುತ್ತಿದ್ದರು. ಅದನ್ನು ಮುಚ್ಚಿಸುವ ಠರಾವು ಇವತ್ತು ಸಂಘದ ಮುಂದಿತ್ತು. ಬರೆದವನು ಅವನೇ.

ಬಾಗಿಲಲ್ಲಿ ಖಜಾಂಚಿ ತಡೆದ. "ಏನ್ರೀ, ಹೋದ ವರ್ಷ ಇದೇ ಮೆಟ್ಟಿಲಲ್ಲಿ ನಿಮ್ಮನ್ನ ಕುರ್ಚಿ ಸಮೇತ ಹೊತ್ತು ಇಳಿಸಿದ್ವಿ. ಈಗ ನೋಡಿದ್ರೆ ಜಿಂಕೆ."

ಡಾಕ್ಟರ ಔಷಧಿ ನಾಟದ ಸೊಂಟಕ್ಕೆ ವ್ಯಾಯಾಮ ನಾಟಿತೆಂದು ಕಾರ್ಯದರ್ಶಿ ಹೇಳಿದ. ಹೆಂಡತಿ ಬಿಡದೆ ಮಾಡಿಸುತ್ತಾಳೆ, ಎರಡು ದಿನ ತಪ್ಪಿದರೆ ಮತ್ತೆ ಹಾಸಿಗೆಯೇ ಗತಿ.

ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಬರೀ ಅಶ್ಲೀಲ ಎಂದರೆ ನಿಲ್ಲದು, ಯಾವ ಯಾವ ಚಲನೆ ಆಕ್ಷೇಪಾರ್ಹ ಎಂದು ಕ್ರಮಸಂಖ್ಯೆ ಹಾಕಿ ಬರೆಯಬೇಕು, ಅದಕ್ಕೆ ಕಣ್ಣಾರೆ ನೋಡಬೇಕು ಎಂದರು. ಕರ್ತವ್ಯಕ್ಕೆ ಯಾರೂ ಹಿಂಜರಿಯಲಿಲ್ಲ. ಅಧ್ಯಕ್ಷರು, ಖಜಾಂಚಿ, ಮೂವರು ಸದಸ್ಯರು ಮುಂದಿನ ಸಾಲಿನಲ್ಲೇ ಒತ್ತಿಕೊಂಡು ಕುಳಿತರು. ಒಬ್ಬರು ಕನ್ನಡಕ ಒರೆಸಿಕೊಂಡರು.

ಕಲಿಸುವವಳು ಅರವತ್ತರ ಹೆಂಗಸು. ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು.

"ಹುಡುಗಿಯಾಗಿದ್ದಾಗಿಂದ ಹೊಟ್ಟೆ ಒಳಗೆಳ್ಕೊಂಡು ನಿಲ್ಲು ಅಂದ್ರು, ನಿಂತ್ವಿ. ಇಲ್ಲಿ ವಾರಕ್ಕೆ ಎರಡು ಸಲ ಬಿಡ್ತೀವಿ. ಅಷ್ಟೇ ಸಾರ್ ನಮ್ಮ ತಪ್ಪು."

ಆಮೇಲೆ ಪಕ್ಕದ ಕೋಣೆಯತ್ತ ತಿರುಗಿ, ಚೆನ್ನಾಗಿ ಬರುವವರು ಒಬ್ಬರು ಬನ್ನಿ ಎಂದಳು.

ಬಂದವಳು ಕಾರ್ಯದರ್ಶಿಯ ಹೆಂಡತಿ. ಸೊಂಟಕ್ಕೆ ಬಿಲ್ಲೆಗಳ ಪಟ್ಟಿ ಕಟ್ಟಿದ್ದಳು.

ಐದು ತಲೆಗಳು ಅವನತ್ತ ತಿರುಗಿದವು. ತಿರುಗಿದಷ್ಟೇ ಬೇಗ ಮುಂದಕ್ಕೂ ಹೊರಳಿದವು.

"ಬರ್ಕೊಳ್ಳಿ ಕಾರ್ಯದರ್ಶಿಗಳೇ," ಎಂದರು ಅಧ್ಯಕ್ಷರು, "ಒಂದನೇದು."

ಅವಳು ಮಂಡಿ ಸಡಿಲಿಸಿದಳು. ಭುಜ ಅಲುಗಲಿಲ್ಲ. ಸೊಂಟ ಮಾತ್ರ, ಅವಸರವಿಲ್ಲದೆ, ಗಾಳಿಯಲ್ಲಿ ಅಡ್ಡ ಮಲಗಿದ ಎಂಟನ್ನು ಬರೆಯಿತು. ಯಾರ ಅಪ್ಪಣೆಗೂ ಕಾಯದ ಮುಖ ಅದು. ಮನೆಯಲ್ಲಿ ಆ ಮುಖವನ್ನು ಅವನು ಕಂಡಿರಲಿಲ್ಲ; ಅಲ್ಲಿ ಅವಳ ಮುಖವನ್ನು ಎಂದಾದರೂ ಸರಿಯಾಗಿ ನೋಡಿದ್ದನೋ ಇಲ್ಲವೋ, ಅದೂ ನೆನಪಾಗಲಿಲ್ಲ. 'ಒಂದು' ಎಂದು ಬರೆದ ಪೆನ್ನು ಅಲ್ಲೇ ನಿಂತಿತು.

"ರೀ," ಎಂದಳು ಹೆಂಡತಿ, "ನೀವು ಬೇಡ ಅಂದ್ರೆ ಇವತ್ತಿಂದಲೇ ನಿಲ್ಲಿಸ್ತೀನಿ. ಮನೇಲೂ."

ಅಡುಗೆಯ ಮಾತಿರಬೇಕೆಂದು ಖಜಾಂಚಿ ಕನಿಕರದಿಂದ ಲೊಚಗುಟ್ಟಿದ.

ಕಾರ್ಯದರ್ಶಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿದ. ಠರಾವನ್ನು ಹಿಂದಕ್ಕೆ ಪಡೆದಿದ್ದೇನೆ ಎಂದ. ನಡಾವಳಿ ಪುಸ್ತಕಕ್ಕೆ ಕಾರಣ ಬೇಕೆಂದು ಅಧ್ಯಕ್ಷರು ಎರಡು ಸಲ ಕೇಳಿದರು. ಅವನು ಪೆನ್ನಿಗೆ ಮುಚ್ಚಳ ಹಾಕಿದ. ಹೆಂಡತಿಗೆ ಹೆದರುವ ಗಂಡ ಎಂದು ಕಟ್ಟಡದ ತುಂಬ ಸುದ್ದಿಯಾಯಿತು. ಅದನ್ನೂ ತಿದ್ದಲಿಲ್ಲ. ತರಗತಿ ನಡೆಯಿತು.

ವರ್ಷದಿಂದ ದಿನಾ ಬೆಳಿಗ್ಗೆ ವ್ಯಾಯಾಮವೆಂದು ಹೆಂಡತಿ ತನ್ನಿಂದ ಮಾಡಿಸುತ್ತಿದ್ದುದು ಇದನ್ನೇ ಎಂದಾಗಲಿ, ಆ ಎಂಟನ್ನು ತಾನು ಅವಳಿಗಿಂತ ಚೆನ್ನಾಗಿ ಹಾಕುತ್ತೇನೆಂದಾಗಲಿ ಅವನು ಯಾರಿಗೂ ಹೇಳಲಿಲ್ಲ.